ಮೈನಸ್ 37

ಕಳೆದ ತಿಂಗಳು ಮಾಟುಂಗದ ಮೈಸೂರು ಅಸೋಸಿಯೇಶನ್ನಿನಲ್ಲಿ ನಾಟಕ ಮುಗಿಸಿ ಹೊರಗೆ ಬರುತ್ತಿದ್ದಾಗ ಹಳೆಯ ಸ್ನೇಹಿತರೊಬ್ಬರು ಸಿಕ್ಕಿ ತಮ್ಮ ಮಗನನ್ನು ಪರಿಚಯಿಸಿದರು. ವಸಾಯಿ ಪೂರ್ವದಲ್ಲಿ ಅವರದೊಂದು ಕಾರ್ಖಾನೆಯಿದೆ. ಪಂಪಿನ ಬಿಡಿಭಾಗಗಳನ್ನು ಮಾಡುತ್ತಾರೆ. ಈಗ ವ್ಯವಹಾರವೆಲ್ಲ ಮಗನ ಕೈಯಲ್ಲಿ. ಹುಡುಗ ನೇರವಾಗಿ ವಿಷಯಕ್ಕೇ ಬಂದ. "ಅಂಕಲ್, ಇಆರ್‌ಪಿ ಹಾಕಿಸಬೇಕು ಅಂತಿದ್ದೇನೆ. ಯಾವ ಸಾಫ್ಟ್‌ವೇರ್ ಒಳ್ಳೆಯದು? ನಿಮಗೆ ಅದರಲ್ಲಿ ತುಂಬ ಅನುಭವ ಅಂತ ಅಪ್ಪ ಹೇಳ್ತಾರೆ."

"ಅನುಭವ ಇರುವುದು ನಿಜ. ಅದು ಹೇಗೆ ಕೆಡುತ್ತದೆ ಎನ್ನುವುದರಲ್ಲಿ" ಎಂದೆ. ತಂದೆ ಮಗ ಇಬ್ಬರೂ ನಕ್ಕರು. ನಾನೂ ನಕ್ಕೆ. ಆದರೆ ದಾದರಿನಲ್ಲಿ ಡೊಂಬಿವಲಿಯ ಲೋಕಲ್ ಹಿಡಿದು, ಘಾಟ್‌ಕೋಪರ್ ದಾಟಿದ ಮೇಲೆ ಕೂರಲು ಜಾಗ ಸಿಕ್ಕಾಗ, ಆ ಮಾತು ತಮಾಷೆಯದ್ದಲ್ಲ ಅನ್ನಿಸಿತು. ಭಾಂಡೂಪ್ ಬಂದಾಗ ಅಭ್ಯಾಸಬಲದಿಂದ ಕಿಟಕಿಯಾಚೆ ನೋಡಿದೆ. ನಾನು 17 ವರ್ಷ ದುಡಿದ ಕಾರ್ಖಾನೆಯ ಜಾಗದಲ್ಲಿ ಈಗ ಬಹುಮಹಡಿ ಕಟ್ಟಡಗಳು ನಿಂತಿವೆ. ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರ್ಗದ ಎಷ್ಟೋ ಕಾರ್ಖಾನೆಗಳ ಕಥೆ ಅದೇ. ಆ ಹುಡುಗನಿಗೆ ಅಂದು ಕೊಡಬೇಕಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಹೆಸರು ಕೇಳದವರಿಗಾಗಿ ಎರಡು ಮಾತು. ಇಆರ್‌ಪಿ ಎಂದರೆ ಎಂಟರ್‌ಪ್ರೈಸ್ ರಿಸೋರ್ಸ್ ಪ್ಲಾನಿಂಗ್. ಖರೀದಿ, ಉಗ್ರಾಣ, ಉತ್ಪಾದನೆ, ಮಾರಾಟ, ಲೆಕ್ಕಪತ್ರ ಇವೆಲ್ಲವನ್ನೂ ಒಂದೇ ಕಡೆ ಜೋಡಿಸುವ ಕಂಪ್ಯೂಟರ್ ವ್ಯವಸ್ಥೆ. ಹೆಸರು ಬಂದದ್ದು 1990ರ ಸುಮಾರಿಗೆ. ಅದರ ಬೇರು ಇನ್ನೂ ಹಳೆಯದು. ಕಾರ್ಖಾನೆಗೆ ಯಾವ ಸಾಮಾನು ಎಷ್ಟು ಬೇಕು, ಯಾವಾಗ ಬೇಕು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕ್ರಮವನ್ನು ಅಮೆರಿಕದ ಜೋಸೆಫ್ ಓರ್ಲಿಕಿ 1975ರಲ್ಲಿ ಪುಸ್ತಕವಾಗಿ ಬರೆದರು. ಇಂದಿನ ದೊಡ್ಡ ಪ್ಯಾಕೇಜುಗಳ ಹೊಟ್ಟೆಯೊಳಗೂ ಇರುವುದು ಅದೇ ಲೆಕ್ಕ: ಬೇಕಾದದ್ದರಲ್ಲಿ ಕೈಯಲ್ಲಿರುವುದನ್ನು ಕಳೆ, ಬರಲಿರುವುದನ್ನು ಕಳೆ, ಉಳಿದದ್ದನ್ನು ತರಿಸು.

ನನ್ನ ಅಮ್ಮ ಚೌತಿಗೆ ಮೊದಲು ಮಾಡುತ್ತಿದ್ದ ಲೆಕ್ಕವೂ ಇದೇ. ಚಕ್ಕುಲಿಗೆ ಇಷ್ಟು ಅಕ್ಕಿ, ಇಷ್ಟು ಉದ್ದು, ಡಬ್ಬದಲ್ಲಿ ಇಷ್ಟಿದೆ, ಇನ್ನಿಷ್ಟು ತನ್ನಿ. ವ್ಯತ್ಯಾಸ ಒಂದೇ. ಅಮ್ಮ ಡಬ್ಬದ ಮುಚ್ಚಳ ತೆಗೆದು ನೋಡುತ್ತಿದ್ದಳು. ಕಂಪ್ಯೂಟರಿಗೆ ಅದು ಆಗುವುದಿಲ್ಲ. ಡಬ್ಬದಲ್ಲಿ ಎಷ್ಟಿದೆ ಎಂದು ಯಾರೋ ಹೇಳಿದ್ದನ್ನು ಅದು ನಂಬಬೇಕು. ಹೇಳುವವನು ಯಾರು, ಅವನನ್ನು ಯಾರು ಕೇಳುತ್ತಾರೆ, ನಿಜ ಹೇಳಿದರೆ ಅವನಿಗೆ ಏನಾಗುತ್ತದೆ? ನಾನು ಕಂಡಂತೆ ಇಆರ್‌ಪಿ ನಿಲ್ಲುವುದು ಬೀಳುವುದು ಈ ಮೂರು ಪ್ರಶ್ನೆಗಳ ಮೇಲೆ.

ನಾನು ಊರಿನಿಂದ ಬಂದು ಕಾಸ್ಟ್ ಅಕೌಂಟೆಂಟ್ ಪರೀಕ್ಷೆ ಪಾಸು ಮಾಡಿ ಆ ಕಾರ್ಖಾನೆ ಸೇರಿದ್ದು 1989ರಲ್ಲಿ. ಅಲ್ಲಿ ಕೈಗಾರಿಕೆಗಳಿಗೆ ಬೇಕಾದ ವಾಲ್ವ್‌ಗಳನ್ನು ಮಾಡುತ್ತಿದ್ದರು. ಎರಕದ ಬಾಡಿಗಳು ಬೆಳಗಾವಿಯ ಉದ್ಯಮಬಾಗ್ ಮತ್ತು ಕೊಲ್ಹಾಪುರದ ಫೌಂಡ್ರಿಗಳಿಂದ ಲಾರಿಯಲ್ಲಿ ಬರುತ್ತಿದ್ದವು. ಸ್ಟೇನ್‌ಲೆಸ್ ಸ್ಟೀಲಿನ ಸರಳುಗಳು ಸಿ.ಪಿ. ಟ್ಯಾಂಕ್ ಸುತ್ತಲಿನ ಪೇಟೆಯಿಂದ. ಎಲ್ಲ ಕೆಲಸವೂ ನಮ್ಮಲ್ಲೇ ಆಗುತ್ತಿರಲಿಲ್ಲ. ಸ್ಪಿಂಡಲ್ ಕಡೆಯುವುದಕ್ಕೆ ಕುರ್ಲಾ, ಸಾಕಿನಾಕಾಗಳ ಸಣ್ಣ ಗಾಲಾಗಳಿಗೆ ಕಳಿಸುತ್ತಿದ್ದೆವು. ಒಂದು ಲೇತ್, ಇಬ್ಬರು ಹುಡುಗರು, ತಗಡಿನ ಮಾಡು. ಶಾಖ ಸಂಸ್ಕರಣಕ್ಕೆ ಥಾಣೆಯ ವಾಗ್ಳೆ ಎಸ್ಟೇಟ್. ಮುಂಬಯಿಯಲ್ಲಿ ಕಾರ್ಖಾನೆ ಎಂದರೆ ನಾಲ್ಕು ಗೋಡೆಯ ಒಳಗಿನದ್ದು ಮಾತ್ರವಲ್ಲ, ಟೆಂಪೋದಲ್ಲಿ ಓಡಾಡುತ್ತಿರುವುದೂ ಸೇರಿ ಕಾರ್ಖಾನೆ.

ಇದೆಲ್ಲದರ ಲೆಕ್ಕ ಇದ್ದದ್ದು ಉಗ್ರಾಣದ ಹಿರಿಯರ ಬಳಿ. ಕುಂದಾಪುರದ ಕಡೆಯವರು. 13ನೇ ವಯಸ್ಸಿನಲ್ಲಿ ಮುಂಬಯಿಗೆ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಲೋಟ ತೊಳೆದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ ಎಸ್ಎಸ್ಸಿ ಮಾಡಿದವರು. ಇದನ್ನು ಓದುತ್ತಿರುವ ಅನೇಕರ ಮನೆಯಲ್ಲಿ ಇಂಥ ಒಬ್ಬ ಅಪ್ಪನೋ ಮಾವನೋ ಇದ್ದಾರೆ. 40 ಮಿಲಿಮೀಟರ್ ಸರಳು ಒಂದು ಮೀಟರಿಗೆ ಎಷ್ಟು ತೂಗುತ್ತದೆ ಎಂದರೆ ಕಾಗದ ಹುಡುಕುತ್ತಿರಲಿಲ್ಲ. ವ್ಯಾಸದ ವರ್ಗವನ್ನು 162ರಿಂದ ಭಾಗಿಸು, ಹತ್ತು ಕಿಲೋಗೆ ಸ್ವಲ್ಪ ಕಮ್ಮಿ ಎಂದು ಬಾಯಲ್ಲೇ ಹೇಳುತ್ತಿದ್ದರು. ಅಂಗಿಯ ಜೇಬಿನಲ್ಲಿ ಕಪ್ಪು ರಟ್ಟಿನ ಸಣ್ಣ ಡೈರಿ. ಯಾವ ಗಾಲಾದಲ್ಲಿ ನಮ್ಮ ಎಷ್ಟು ನಗ ಇವೆ, ಯಾವ ಫೌಂಡ್ರಿಯ ಎರಕದಲ್ಲಿ ಈ ಸಲ ತೂತು ಬಂದಿದೆ, ಯಾವ ಸರಳಿನ ತುಂಡು ಯಾವ ಮೂಲೆಯಲ್ಲಿ ಉಳಿದಿದೆ, ಎಲ್ಲವೂ ಅದರಲ್ಲಿ. ಬರೆಯುತ್ತಿದ್ದದ್ದು ಕನ್ನಡದಲ್ಲಿ. ಕಂಪನಿಯಲ್ಲಿ ಅದನ್ನು ಓದಬಲ್ಲವರು ನಾವಿಬ್ಬರೇ.

2004ರಲ್ಲಿ ಆಡಳಿತ ಇಆರ್‌ಪಿ ತರಲು ನಿರ್ಧರಿಸಿತು. ಕಂಪನಿಯ ಕಡೆಯಿಂದ ನಾನು ಸಂಯೋಜಕ. ಸಲಹೆಗಾರರ ತಂಡ ಬಂತು. ಚುರುಕಾದ ಹುಡುಗರು, ಕೆಲಸ ಬಲ್ಲವರು. ಆದರೆ ಅವರ ಮಾತುಕತೆಯೆಲ್ಲ ಮೊದಲ ಮಹಡಿಯ ಎಸಿ ಕೋಣೆಯಲ್ಲಿ, ವಿಭಾಗದ ಮುಖ್ಯಸ್ಥರ ಜೊತೆ. ಖರೀದಿ ಮುಖ್ಯಸ್ಥರು ಖರೀದಿ ಹೇಗೆ ನಡೆಯಬೇಕೋ ಹಾಗೆ ಹೇಳಿದರು. ಉತ್ಪಾದನಾ ಮುಖ್ಯಸ್ಥರು ಉತ್ಪಾದನೆ ಹೇಗೆ ನಡೆಯಬೇಕೋ ಹಾಗೆ. ನಿಜವಾಗಿ ಹೇಗೆ ನಡೆಯುತ್ತಿದೆ ಎಂದು ಬಲ್ಲವರನ್ನು ಮೇಲೆ ಕರೆದದ್ದು ತರಬೇತಿಗೆ ಮಾತ್ರ. ಎರಡು ದಿನ, ಇಂಗ್ಲಿಷಿನ ಸ್ಲೈಡು, ಮಧ್ಯಾಹ್ನ ಊಟ.

ಆರಂಭದ ದಿನ 2005ರ ಏಪ್ರಿಲ್ 1 ಎಂದು ಗೊತ್ತಾಯಿತು. ಹೊಸ ಆರ್ಥಿಕ ವರ್ಷ, ಹೊಸ ಪುಸ್ತಕ. ಲೆಕ್ಕದವನಾದ ನನಗೂ ಅದೇ ಸರಿ ಅನ್ನಿಸಿತು. ಕಾರ್ಖಾನೆಯ ಕಣ್ಣಿನಿಂದ ನೋಡಿದರೆ ಅದಕ್ಕಿಂತ ಕೆಟ್ಟ ದಿನ ಇನ್ನೊಂದಿಲ್ಲ. ಮಾರ್ಚ್ ಕೊನೆಯ ವಾರ ವರ್ಷದ ಮಾರಾಟದ ಗುರಿ ಮುಟ್ಟಲು ಹಗಲು ರಾತ್ರಿ ಮಾಲು ಹೊರಗೆ ತಳ್ಳುತ್ತಾರೆ. ಚೀಟಿ ಆಮೇಲೆ, ಮಾಲು ಮೊದಲು. ದಾಸ್ತಾನಿನ ಲೆಕ್ಕ ಇಡೀ ವರ್ಷದಲ್ಲಿ ಅತಿ ಹೆಚ್ಚು ತಪ್ಪಾಗಿರುವುದು ಮಾರ್ಚ್ 31ರ ರಾತ್ರಿ. ಆ ಅಂಕಿಗಳನ್ನೇ ನಾವು ಹೊಸ ವ್ಯವಸ್ಥೆಗೆ ಆರಂಭದ ಶಿಲ್ಕೆಂದು ತುಂಬಿದೆವು. ಅದೇ ದಿನ ಮಹಾರಾಷ್ಟ್ರದಲ್ಲಿ ವ್ಯಾಟ್ ತೆರಿಗೆಯೂ ಶುರುವಾಯಿತು. ಲೆಕ್ಕದ ವಿಭಾಗಕ್ಕೆ ಉಗ್ರಾಣದ ಕಡೆ ತಿರುಗಿ ನೋಡಲು ಪುರುಸೊತ್ತು ಇರಲಿಲ್ಲ.

ತೊಂದರೆಗಳು ಸಣ್ಣ ಸಣ್ಣವು. ಫೌಂಡ್ರಿಯವರು ಎರಕಕ್ಕೆ ಕಿಲೋ ಲೆಕ್ಕದಲ್ಲಿ ಬಿಲ್ಲು ಹಾಕುತ್ತಾರೆ. ಉಗ್ರಾಣದಿಂದ ಅದು ಹೊರಡುವುದು ನಗದ ಲೆಕ್ಕದಲ್ಲಿ. ಕಂಪ್ಯೂಟರಿಗೆ ಒಂದು ಬಾಡಿಯ ತೂಕ ಇಷ್ಟು ಎಂದು ಒಂದೇ ಅಂಕಿ ಕೊಟ್ಟಿದ್ದೆವು. ಎರಕ ಅಷ್ಟು ವಿಧೇಯ ವಸ್ತುವಲ್ಲ. ಒಂದು ಲಾಟು ಸ್ವಲ್ಪ ದಪ್ಪ, ಇನ್ನೊಂದು ಸ್ವಲ್ಪ ತೆಳು. ಹತ್ತು ಲಾರಿ ಬರುವಷ್ಟರಲ್ಲಿ ಇಲ್ಲದ ಬಾಡಿಗಳು ಪರದೆಯ ಮೇಲೆ ಹುಟ್ಟಿಕೊಂಡವು. ಒಂದೇ ಗ್ಯಾಸ್ಕೆಟ್ಟಿಗೆ ಮೂರು ಸಂಕೇತ ಸಂಖ್ಯೆ ಇದ್ದವು. ಹೆಸರನ್ನು ಮೂರು ಜನ ಮೂರು ರೀತಿ ಬರೆದಿದ್ದರು, ಅಷ್ಟೇ ಕಾರಣ. ಒಂದರಲ್ಲಿ ರಾಶಿ ಇದ್ದರೂ ಇನ್ನೊಂದರಲ್ಲಿ ಇಲ್ಲವೆಂದು ವ್ಯವಸ್ಥೆ ಮತ್ತೆ ಖರೀದಿಗೆ ಹೇಳುತ್ತಿತ್ತು. ಟರ್ಮಿನಲ್ ಇದ್ದದ್ದು ಮೇಲಿನ ಆಫೀಸಿನಲ್ಲಿ, ಉಗ್ರಾಣ ಕೆಳಗೆ ತಗಡಿನ ಶೆಡ್ಡಿನಲ್ಲಿ. ಪ್ರತಿ ಚೀಟಿಗೂ ಮೆಟ್ಟಿಲು ಹತ್ತುವವರು ಯಾರು? ಚೀಟಿಗಳು ತಂತಿಗೆ ಚುಚ್ಚಿಕೊಂಡು ಸಂಜೆವರೆಗೆ ಕಾಯುತ್ತಿದ್ದವು.

ದೊಡ್ಡ ತೊಂದರೆ ಜಾಬ್ ವರ್ಕಿನದು. ಹೊರಗೆ ಕಳಿಸಿದ ಮಾಲಿಗೆ ಎಕ್ಸೈಸ್ ಕಾಯ್ದೆಯ ಚಲನ್ ಬೇಕು, 180 ದಿನದೊಳಗೆ ಅದು ಮರಳಬೇಕು. ಹಳಬರು ಆ ಚಲನ್ನನ್ನು ಎಂದೋ ಹೋದ ನಿಯಮದ ಹೆಸರಿನಲ್ಲಿ 57ಎಫ್4 ಎಂದೇ ಕರೆಯುತ್ತಿದ್ದರು. ಈ ಓಡಾಟವನ್ನು ಇಆರ್‌ಪಿಯಲ್ಲಿ ಎಲ್ಲಿ ಬರೆಯುವುದು ಎಂದು ಕೇಳಿದಾಗ ಸಲಹೆಗಾರರು "ಅದು ಎರಡನೇ ಹಂತದಲ್ಲಿ" ಎಂದರು. ಬಜೆಟ್ಟು ಮುಗಿಯುತ್ತ ಬಂದಿತ್ತು, ನಾನು ಒಪ್ಪಿದೆ. ಅಂದರೆ ಕಾರ್ಖಾನೆಯ ಸುಮಾರು ಅರ್ಧ ಕೆಲಸ ಎರಡನೇ ಹಂತಕ್ಕೆ ಹೋಯಿತು. ಆ ಹಂತ ಕೊನೆಗೂ ಬರಲಿಲ್ಲ.

ಪರಿಣಾಮ ಹೀಗಿತ್ತು. ಕುರ್ಲಾದಿಂದ ಸ್ಪಿಂಡಲ್ ಬಂದ ಕೂಡಲೇ ಟೆಂಪೋದಿಂದ ನೇರ ಜೋಡಣೆಗೆ ಹೋಗುತ್ತದೆ. ಬಂದದ್ದನ್ನು ದಾಖಲಿಸಲು ಪರದೆಯೇ ಇಲ್ಲ. ವಾಲ್ವ್ ತಯಾರಾಯಿತು ಎಂದು ಬರೆದೊಡನೆ ವ್ಯವಸ್ಥೆ ತಾನಾಗಿ ಒಂದು ಬಾಡಿ, ಒಂದು ಸ್ಪಿಂಡಲ್, ಒಂದು ಗ್ಯಾಸ್ಕೆಟ್ ಕಳೆಯುತ್ತದೆ. ಬಂದದ್ದು ಸೇರದೆ ಹೋದದ್ದು ಮಾತ್ರ ಕಳೆದರೆ? ಜೂನ್ ತಿಂಗಳಲ್ಲಿ ಒಂದು ಅಳತೆಯ ಸ್ಪಿಂಡಲ್ ದಾಸ್ತಾನು ಪರದೆಯ ಮೇಲೆ ಮೈನಸ್ 37 ಎಂದು ತೋರಿಸಿತು. ಇಲ್ಲದಿರುವುದು ಸರಿ, ಇಲ್ಲದಕ್ಕಿಂತಲೂ ಕಡಿಮೆ ಇರುವುದು ಹೇಗೆ? ಹಿರಿಯರು ಬಂದು ನೋಡಿ, "ಮಾರಾಯ್ರೆ, 37 ಸ್ಪಿಂಡಲನ್ನು ನಾವು ದೇವರಿಗೆ ಬಾಕಿ ಉಂಟು ಅಂತಾಯ್ತು" ಎಂದರು. ಎಲ್ಲರೂ ನಕ್ಕೆವು. ಶೆಡ್ಡಿನ ಕಪಾಟಿನಲ್ಲಿ ಆ ಹೊತ್ತಿಗೆ 40 ನಗ ಇದ್ದವು.

ಜನ ವ್ಯವಸ್ಥೆಯನ್ನು ನಂಬುವುದನ್ನು ಬಿಟ್ಟರು. ನಂಬಿಕೆ ಹೋದ ಮೇಲೆ ಸರಿಯಾಗಿ ತುಂಬುವುದನ್ನೂ ಬಿಟ್ಟರು. ಪ್ರತಿಯೊಬ್ಬ ಮೇಲ್ವಿಚಾರಕನೂ ತನ್ನದೇ ಎಕ್ಸೆಲ್ ಪಟ್ಟಿ ಮಾಡಿಕೊಂಡ. ಆಗ ನಾನೊಂದು ಸಲಹೆ ಕೊಟ್ಟೆ. ಎರಡು ಲೆಕ್ಕ ಇರುವುದರಿಂದಲೇ ಗೊಂದಲ, ಖಾಸಗಿ ಡೈರಿ, ಪಟ್ಟಿ ಎಲ್ಲ ನಿಲ್ಲಬೇಕು ಎಂದು. ಆಡಳಿತದಿಂದ ಸುತ್ತೋಲೆ ಹೊರಟಿತು. ಹಿರಿಯರ ಬಳಿಗೆ ನಾನೇ ಹೋದೆ. ಅವರು ಡೈರಿಯನ್ನು ಮೇಜಿನ ಮೇಲಿಟ್ಟು, "ಕೊಡ್ಲಿಕ್ಕೆ ಅಡ್ಡಿಯಿಲ್ಲ. ಇದ್ರಲ್ಲಿದ್ದದ್ದನ್ನು ಬರೀಲಿಕ್ಕೆ ನಿಮ್ಮ ಪರದೆಯಲ್ಲಿ ಜಾಗ ಎಲ್ಲುಂಟು, ಅದನ್ನು ತೋರಿಸಿ" ಎಂದರು. ಇಡೀ ಯೋಜನೆಯಲ್ಲಿ ಯಾರಾದರೂ ಕೇಳಿದ ಅತ್ಯಂತ ಸರಿಯಾದ ಪ್ರಶ್ನೆ ಅದು. ನಾನು "ಎರಡನೇ ಹಂತದಲ್ಲಿ" ಎಂದು ಹೇಳಿ ಡೈರಿ ಎತ್ತಿಕೊಂಡು ಬಂದೆ.

ಜುಲೈ 26ರ ಮಳೆಯನ್ನು ಮುಂಬಯಿಯವರಿಗೆ ನೆನಪಿಸಬೇಕಾಗಿಲ್ಲ. ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್. ಮಧ್ಯಾಹ್ನ ಲೋಕಲ್ ನಿಂತಿತು. ನಾವು ಐವತ್ತು ಅರವತ್ತು ಜನ ರಾತ್ರಿ ಕ್ಯಾಂಟೀನಿನಲ್ಲೇ ಕಳೆದೆವು. ನಮ್ಮ ಶೆಡ್ಡಿಗೆ ಮೊಣಕಾಲು ನೀರು. ಮೇಲಿನ ಮಹಡಿಯ ಸರ್ವರಿಗೆ ಏನೂ ಆಗಲಿಲ್ಲ. ಆದರೆ ಮಿಠಿ ನದಿ ಉಕ್ಕಿ ಕುರ್ಲಾದ ಗಾಲಾಗಳು ಮುಳುಗಿದ್ದವು. ಲೇತ್‌ಗಳ ಮೇಲೆ ಕೆಸರು, ಒಳಗಿದ್ದದ್ದು ಹೊರಗೆ. ನಮ್ಮ ಮಾಲು ಅಲ್ಲಿ ಎಷ್ಟಿತ್ತು? ವಿಮೆಯವರಿಗೆ ಹೇಳಬೇಕು, ಗ್ರಾಹಕರಿಗೆ ಹೇಳಬೇಕು. ಕಂಪ್ಯೂಟರನ್ನು ಕೇಳಿದರೆ ಅದು ಮೈನಸ್ ಎನ್ನುತ್ತಿತ್ತು.

ಮೂರನೆಯ ದಿನ ಹಿರಿಯರು ನನ್ನ ಮೇಜಿನ ಬಳಿ ಬಂದು ಜೇಬಿನಿಂದ ಇನ್ನೊಂದು ಡೈರಿ ತೆಗೆದರು. ಸುತ್ತೋಲೆಯ ಮರುದಿನವೇ ಶುರು ಮಾಡಿದ್ದಂತೆ. ಗಾಲಾವಾರು, ಚಲನ್ ಸಂಖ್ಯೆವಾರು, ದಿನಾಂಕವಾರು ಎಲ್ಲ ಇತ್ತು. ಕುರ್ಲಾದಲ್ಲಿ ಎರಡು ಗಾಲಾ ಸೇರಿ ಸ್ಪಿಂಡಲ್ 212. ನಾನು ಓದುತ್ತ ಹೋದೆ, ಗುಮಾಸ್ತ ಇಂಗ್ಲಿಷಿಗೆ ಇಳಿಸುತ್ತ ಹೋದ. ಕೆಸರಿನಲ್ಲಿ ಹುಡುಕಿದ್ದೂ ಆ ಪಟ್ಟಿ ಹಿಡಿದೇ. ಎರಡು ವಾರ ಕಾರ್ಖಾನೆ ನಡೆದದ್ದು ಆ ಡೈರಿಯ ಮೇಲೆ. ವಿಮೆಯ ಅರ್ಜಿ ತಯಾರಾದದ್ದೂ ಅದರಿಂದಲೇ.

ಸೆಪ್ಟೆಂಬರಿನಲ್ಲಿ ಯೋಜನೆಯ ಪರಿಶೀಲನೆ ನಡೆಯಿತು. ಯಾಕೆ ಫಲ ಕೊಡಲಿಲ್ಲ ಎಂದು ಸಲಹೆಗಾರರು ವರದಿ ಕೊಟ್ಟರು. ಮೊದಲ ಕಾರಣ ಬಳಕೆದಾರರ ಪ್ರತಿರೋಧ. ಎರಡನೆಯದು, ಆಡಳಿತದ ಆದೇಶ ಮೀರಿ ಅನಧಿಕೃತ ದಾಖಲೆ ಇಟ್ಟುಕೊಂಡದ್ದು. ಉದಾಹರಣೆಗೆ ಉಗ್ರಾಣದ ಡೈರಿ. ನಮ್ಮನ್ನು ಉಳಿಸಲು ಅವರು ತಂದು ಕೊಟ್ಟದ್ದೇ ಅವರ ಮೇಲಿನ ಸಾಕ್ಷಿಯಾಯಿತು. ಜಾಬ್ ವರ್ಕನ್ನು ಎರಡನೇ ಹಂತಕ್ಕೆ ತಳ್ಳಿದ ಮಾತು ವರದಿಯಲ್ಲಿ ಎಲ್ಲೂ ಇರಲಿಲ್ಲ. ಅದಕ್ಕೆ ಒಪ್ಪಿಗೆ ಕೊಟ್ಟವನು ನಾನು. ವರದಿಯ ಕೆಳಗೆ ಸಂಯೋಜಕನ ಸಹಿ ಬೇಕಿತ್ತು. ಮಾಡಿದೆ.

ಯಾರೂ ಅವರನ್ನು ಬೈಯಲಿಲ್ಲ. ಸ್ವಯಂ ನಿವೃತ್ತಿಯ ಕಾಗದ ಮುಂದಿಟ್ಟರು, ದೀಪಾವಳಿಗೆ ಮೊದಲು ಅವರು ಸಹಿ ಹಾಕಿದರು. ಮತ್ಸ್ಯಗಂಧಾ ಹತ್ತಿ ಊರಿಗೆ ಹೋದರು. ಬೀಳ್ಕೊಡಲು ನಾನು ಸ್ಟೇಷನ್ನಿಗೆ ಹೋಗಲಿಲ್ಲ. ಆಫೀಸಿನಲ್ಲಿ ಕೆಲಸವಿತ್ತು ಎಂದು ನನಗೇ ಹೇಳಿಕೊಂಡೆ. ಮರುವರ್ಷ ನಾನೂ ಆ ಕಂಪನಿ ಬಿಟ್ಟೆ. ಆ ವ್ಯವಸ್ಥೆ ಕೊನೆಗೆ ಬಿಲ್ಲು ಮುದ್ರಿಸುವ ದುಬಾರಿ ಯಂತ್ರವಾಗಿ ಉಳಿಯಿತು ಎಂದು ಅಲ್ಲಿದ್ದವರು ಆಮೇಲೆ ಹೇಳಿದರು.

ಇದು ನಮ್ಮ ಭಾಂಡೂಪಿನ ದಡ್ಡತನ ಮಾತ್ರ ಎಂದು ಬಹುಕಾಲ ತಿಳಿದಿದ್ದೆ. ಆಮೇಲೆ ಹರ್ಷೀಸ್ ಚಾಕಲೇಟ್ ಕಂಪನಿಯ ಕಥೆ ಓದಿದೆ. ಅಮೆರಿಕದ ದೊಡ್ಡ ಹೆಸರು. ಸುಮಾರು 11 ಕೋಟಿ ಡಾಲರ್ ಖರ್ಚು ಮಾಡಿ 1999ರಲ್ಲಿ ಹೊಸ ವ್ಯವಸ್ಥೆ ತಂದರು. 48 ತಿಂಗಳು ಬೇಕಿದ್ದ ಕೆಲಸವನ್ನು 30 ತಿಂಗಳಿಗೆ ಒತ್ತಿ, ಹ್ಯಾಲೋವೀನ್ ಹಬ್ಬದ ಬೇಡಿಕೆ ಏರುವ ಹೊತ್ತಿಗೆ ಸರಿಯಾಗಿ ಆರಂಭಿಸಿದರು. ಸುಮಾರು 10 ಕೋಟಿ ಡಾಲರಿನ ಮಿಠಾಯಿ ಅಂಗಡಿಗಳಿಗೆ ತಲುಪಲಿಲ್ಲ. ಮಿಠಾಯಿ ಇರಲಿಲ್ಲವೆಂದಲ್ಲ. ಹಬ್ಬದ ಕಾಲದಲ್ಲಿ ಜಾಗ ಸಾಲದೆ ಅಲ್ಲಿ ಇಲ್ಲಿ ಇಡುವ ಪದ್ಧತಿಯಿತ್ತು, ಆ ಜಾಗಗಳನ್ನು ಯಾರೂ ಕಂಪ್ಯೂಟರಿಗೆ ಹೇಳಿರಲಿಲ್ಲ ಎಂದು ಆಗ ವರದಿಯಾಗಿತ್ತು. ಓದಿದಾಗ ನನಗೆ ಕುರ್ಲಾದ ಗಾಲಾಗಳೇ ಕಣ್ಣಮುಂದೆ ಬಂದವು. ಅಲ್ಲಿಯೂ ಯಾರದೋ ಜೇಬಿನಲ್ಲಿ ಒಂದು ಡೈರಿ ಇದ್ದಿರಬೇಕು.

ಮುಂದೆ ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಇದೇ ಕೆಲಸ ಇನ್ನೊಮ್ಮೆ ನನ್ನ ಪಾಲಿಗೆ ಬಂತು. ಈ ಸಲ ಸಾಫ್ಟ್‌ವೇರಿನ ಮಾತು ಆಮೇಲೆ ಎಂದೆ. ಮೊದಲು ಪ್ರತಿದಿನ ಸ್ವಲ್ಪ ಸ್ವಲ್ಪ ಸಾಮಾನು ಎಣಿಸುವುದು, ಪುಸ್ತಕದ ಅಂಕಿಗೆ ಹೋಲಿಸುವುದು, ತಪ್ಪು ಯಾಕೆ ಬಂತು ಎಂದು ಹುಡುಕುವುದು. ಯಾರು ಮಾಡಿದರು ಎಂದು ಹುಡುಕುವ ಹಾಗಿಲ್ಲ. ಮಾಲೀಕರು ಅವಸರ ಮಾಡಿದಾಗ ಒಂದು ಲೆಕ್ಕ ತೋರಿಸಿದೆ. ಒಂದು ಯಂತ್ರಕ್ಕೆ 20 ಬಿಡಿಭಾಗ ಎನ್ನಿ. ಪ್ರತಿ ಭಾಗದ ಲೆಕ್ಕ ನೂರಕ್ಕೆ 95 ಸಲ ಸರಿ ಇದೆ ಎನ್ನಿ. ಕೇಳಲಿಕ್ಕೆ ಒಳ್ಳೆಯದೇ. ಆದರೆ ಇಪ್ಪತ್ತೂ ಒಟ್ಟಿಗೆ ಸರಿಯಿರುವ ಸಂಭವ ನೂರಕ್ಕೆ 36 ಮಾತ್ರ. ಅಂದರೆ ಮೂರು ಯಂತ್ರ ಜೋಡಿಸಲು ಹೊರಟರೆ ಎರಡರಲ್ಲಿ ಏನೋ ಒಂದು ಕೈಕೊಡುತ್ತದೆ. 98 ಸಲ ಸರಿಯಿದ್ದರೂ ನೂರಕ್ಕೆ 67. ಅವರು ಕ್ಯಾಲ್ಕುಲೇಟರ್ ತೆಗೆದು ತಾವೇ ಗುಣಿಸಿ ನೋಡಿ ಸುಮ್ಮನಾದರು.

ಎಂಟು ತಿಂಗಳು ಹಿಡಿಯಿತು. ಟರ್ಮಿನಲ್ ಉಗ್ರಾಣದ ಕೌಂಟರಿಗೇ ಬಂತು. ಪ್ರತಿ ಜಾಬ್ ವರ್ಕರನ ಗಾಲಾವನ್ನೂ ವ್ಯವಸ್ಥೆಯೊಳಗೆ ಒಂದೊಂದು ಉಗ್ರಾಣವಾಗಿ ತೆರೆದೆವು. ಉಗ್ರಾಣದವನು ಸರಿ ಎನ್ನುವವರೆಗೆ ಆರಂಭದ ದಿನ ಗೊತ್ತು ಮಾಡಲಿಲ್ಲ. ತೊಂದರೆಗಳು ಬಂದವು, ಆದರೆ ವ್ಯವಸ್ಥೆ ನಿಂತಿತು. 2017ರಲ್ಲಿ ಜಿಎಸ್‌ಟಿ ಬಂದು, ಜಾಬ್ ವರ್ಕಿಗೆ ಕಳಿಸಿದ ಕಚ್ಚಾಮಾಲು ಒಂದು ವರ್ಷದೊಳಗೆ ಮರಳಬೇಕು, ಅದರ ವಿವರ ಐಟಿಸಿ-04 ನಮೂನೆಯಲ್ಲಿ ಕೊಡಬೇಕು ಎಂದಾದಾಗ ಅವರಿಗೆ ಕಷ್ಟವಾಗಲಿಲ್ಲ. ಭಾಂಡೂಪಿನಲ್ಲಿ ಇದ್ದದ್ದಕ್ಕಿಂತ ದೊಡ್ಡ ಸಾಫ್ಟ್‌ವೇರ್ ಏನಲ್ಲ ಅದು. ಇನ್ನೂ ಸಣ್ಣದು.

ಹೋದ ಭಾನುವಾರ ಆ ಹುಡುಗ ಫೋನ್ ಮಾಡಿ ಕರೆದ, ವಸಾಯಿಗೆ ಹೋಗಿದ್ದೆ. ಸ್ವಚ್ಛವಾದ ಶೆಡ್ಡು, ಹೊಸ ಯಂತ್ರಗಳು. ಉಗ್ರಾಣದಲ್ಲಿ ಉತ್ತರ ಪ್ರದೇಶದ ಒಬ್ಬ ತರುಣ. ಅವನ ಬಳಿ ಡೈರಿ ಇರಲಿಲ್ಲ, ಮೊಬೈಲ್ ಇತ್ತು. ಟೆಂಪೋದವರು, ಗಾಲಾದವರು, ಜೋಡಣೆಯವರು ಸೇರಿದ ಒಂದು ವಾಟ್ಸಾಪ್ ಗುಂಪು. ಕಳಿಸಿದ ಮಾಲಿನ ಫೋಟೋ, ಚಲನ್ನಿನ ಫೋಟೋ, ಬಂದದ್ದರ ಎಣಿಕೆ ಎಲ್ಲ ಅದರಲ್ಲೇ. "ಇಆರ್‌ಪಿ ಬಂದ ಮೇಲೆ ಇದನ್ನೆಲ್ಲ ಬಂದ್ ಮಾಡಿಸ್ತೇನೆ ಅಂಕಲ್" ಎಂದ ಹುಡುಗ.

"ಬಂದ್ ಮಾಡಬೇಡ. ಮೊದಲು ಒಂದು ತಿಂಗಳು ಕೂತು ಓದು. ಅದರಲ್ಲಿ ಬರುವ ಒಂದೊಂದು ಸಂದೇಶಕ್ಕೂ ನಿನ್ನ ಹೊಸ ಪರದೆಯಲ್ಲಿ ಜಾಗ ಎಲ್ಲಿದೆ ಎಂದು ಸಾಫ್ಟ್‌ವೇರಿನವರನ್ನು ಕೇಳು. ಜಾಗ ತೋರಿಸದಿದ್ದರೆ ಹಣ ಕೊಡಬೇಡ" ಎಂದೆ. ಆ ಪ್ರಶ್ನೆ ನನ್ನದಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅದಕ್ಕೇ ಇಷ್ಟು ಬರೆದೆ.

ಹೊರಡುವ ಮೊದಲು ಉಗ್ರಾಣದ ತರುಣನನ್ನು ಸುಮ್ಮನೆ ಕೇಳಿದೆ, ಕಂಪ್ಯೂಟರಿನಲ್ಲಿರುವ ಅಂಕಿಗೂ ಕಪಾಟಿನಲ್ಲಿರುವುದಕ್ಕೂ ಎಷ್ಟು ವ್ಯತ್ಯಾಸ ಇದೆಯಪ್ಪಾ ಎಂದು. ಅವನು ಬಾಯಿ ತೆರೆದವನು, ಉತ್ತರ ಕೊಡುವ ಮೊದಲು ಒಮ್ಮೆ ಮಾಲೀಕನ ಮುಖ ನೋಡಿದ. ಹುಡುಗ ಜಾಣ. "ಬತಾವ್, ಕುಛ್ ನಹೀ ಹೋಗಾ" ಎಂದು ಹೇಳಿ ಸ್ಟೂಲು ಎಳೆದುಕೊಂಡು ಕೂತ.